ಅಘನಾಶಿನಿಗೆ ಪಟ್ಟ ಬಂತು, ಸಿಹಿನೀರು ಉಳಿಯುವುದೇ?

ಕುಮಟಾ: ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಕಡಲತೀರಗಳನ್ನು ಬೆಸೆಯುವ ಗುಡ್ಡದಂಚಿನ ಕಾಲುದಾರಿಯಲ್ಲಿ ಸಾಗುವ ಚಾರಣಿಗರಲ್ಲಿ ಅನೇಕರಿಗೆ ಬೇಲೆಕಾನ್ ತಲುಪಿದೊಡನೆ ನಡಿಗೆ ಮುಗಿಯಿತು. ಮುಂದೆ ತದಡಿಯಲ್ಲಿ ದೋಣಿ ಹತ್ತುವವರಿಗೂ ಅಘನಾಶಿನಿಯೆಂದರೆ ದಾಟಬೇಕಾದ ನೀರು ಮಾತ್ರ. ನೋಡಬೇಕಾದ ವನ್ಯಜೀವನ ಇರುವುದು ಅಲ್ಲಿಯೇ.

ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಹೊರಬಿದ್ದದ್ದು 2024ರ ಜನವರಿ 31ರಂದು. ಇಲ್ಲಿ ಹೆಬ್ಬಾಗಿಲಿಲ್ಲ, ಸಫಾರಿ ಜೀಪಿಲ್ಲ. ವೇಳಾಪಟ್ಟಿ ಬರೆಯುವುದು ಸಮುದ್ರ. ಭರತದ ಹೊತ್ತಿಗೆ ಹೋದವರಿಗೆ ಕಾಂಡ್ಲಾ ಗಿಡಗಳ ತುದಿಯಷ್ಟೇ ಕಂಡೀತು. ಇಳಿತದಲ್ಲಿ ಕೆಸರು ತೆರೆದುಕೊಂಡಾಗ ನದಿ ರೀವ, ಹಾವಕ್ಕಿ, ಬಿಳಿಕತ್ತಿನ ಕೊಕ್ಕರೆಗಳು ಇಳಿಯುತ್ತವೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಜೊತೆಗೂಡುತ್ತವೆ. ಅದೇ ಹೊತ್ತಿಗೆ ಜನರು ಸೊಂಟಮಟ್ಟದ ನೀರಿಗಿಳಿದು ಬಳಚು ಆರಿಸುತ್ತಾರೆ. ಮೀನುಗಾರಿಕೆ, ಚಿಪ್ಪು ಸಂಗ್ರಹ, ಗಜನಿ ಬೇಸಾಯ, ಉಪ್ಪು ತಯಾರಿಕೆಗಳಿಂದ ಇಲ್ಲಿ ಬದುಕುವ ಕುಟುಂಬಗಳು 6,000ದಿಂದ 7,500 ಎಂಬುದು ರಾಮ್ಸರ್ ವಿವರಣೆಯಲ್ಲಿಯೇ ಇದೆ. ಪ್ರವಾಸಿಗ ಕಾಲಿಡುವುದು ಉದ್ಯಾನಕ್ಕಲ್ಲ, ಇನ್ನೊಬ್ಬರ ದುಡಿಮೆಯ ನೆಲಕ್ಕೆ.

ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಜನವಿರೋಧದಿಂದ ಕೈಬಿಟ್ಟುಹೋದದ್ದು ಹಳೆಯ ಮಾತು. ಇಂದಿನ ಆತಂಕ ಬಂದಿರುವುದು ಘಟ್ಟದ ಮೇಲಿನಿಂದ. ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾವಕ್ಕೆ ಉತ್ತರ ಕನ್ನಡದಲ್ಲಿ ಪ್ರತಿರೋಧ ಎದ್ದಿದೆ. ಚಿತ್ರದುರ್ಗದ ಬಾಯಾರಿಕೆ ಸುಳ್ಳಲ್ಲ. ಆದರೆ ನೀರು ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ ಎಂಬ ವಾದ ಅಳಿವೆಯ ಮಟ್ಟಿಗೆ ನಿಲ್ಲುವುದಿಲ್ಲ. ಮಳೆಗಾಲದ ಸಿಹಿನೀರು ಗಜನಿಯ ಉಪ್ಪನ್ನು ತೊಳೆದರೆ ಮಾತ್ರ ಕಗ್ಗ ಭತ್ತ ಮೊಳೆಯುತ್ತದೆ; ಉಪ್ಪು-ಸಿಹಿಗಳ ಹದ ತಪ್ಪಿದರೆ ಬಳಚಿಗೂ ಮರಿಮೀನಿಗೂ ಉಳಿಗಾಲ ಕಷ್ಟ. ಅವಿಲ್ಲದ ಕೆಸರಿಗೆ ಹಕ್ಕಿ ಏಕೆ ಬಂದೀತು?

ರಾಮ್ಸರ್ ಪಟ್ಟ ಇದನ್ನು ತಾನಾಗಿ ತಡೆಯದು. ವಿವೇಕಯುತ ಬಳಕೆ ಎಂಬುದು ಆ ಒಪ್ಪಂದದ ತತ್ವ; ವಿವೇಕವನ್ನು ಒದಗಿಸಬೇಕಾದವರು ಸರ್ಕಾರದವರು. ಪ್ರವಾಸಿಗರಿಗೆ ಅಳಿವೆಯನ್ನು ತೋರಿಸಿ, ಅದೇ ನದಿಯನ್ನು ಘಟ್ಟದ ಮೇಲೆ ತಿರುಗಿಸುವ ಲೆಕ್ಕ ಹಾಕುವುದು ಒಂದೇ ಸರ್ಕಾರದ ಎರಡು ಇಲಾಖೆಗಳಿಗೆ ಮಾತ್ರ ಸಾಧ್ಯ. ಯೋಜನಾ ವರದಿಯಲ್ಲಿ ಅಣೆಕಟ್ಟೆಯ ಎತ್ತರ, ಕೊಳವೆಯ ಉದ್ದಗಳ ಜೊತೆಗೆ ತಿಂಗಳುವಾರು ಎಷ್ಟು ಸಿಹಿನೀರು ಅಳಿವೆ ತಲುಪಲೇಬೇಕು ಎಂಬ ಅಂಕಿಯೂ ಇರಬೇಕು. ಅದನ್ನು ಬಳಚು ಆರಿಸುವವರ ಮುಂದಿಟ್ಟು ಚರ್ಚಿಸಬೇಕು.

ನೋಡಲು ಹೊರಟವರಿಗೆ ಒಂದು ಮಾತು. ಭರತ-ಇಳಿತದ ವೇಳೆ ವಿಚಾರಿಸಿಕೊಂಡು, ಊರಿನ ಮೀನುಗಾರರ ದೋಣಿಯಲ್ಲಿಯೇ ಹೋಗುವುದು ಲೇಸು. ಬಳಚು ಆರಿಸುವವರ ನಡುವೆ ದೋಣಿ ನುಗ್ಗಿಸುವುದಾಗಲಿ, ಕೇಳದೆ ಫೋಟೊ ತೆಗೆಯುವುದಾಗಲಿ ಬೇಡ.