ಸೈಕಲ್ ಕಡ್ಡಿಯ ಪರವಾಗಿ

ರೇಡಿಯೊ ನಿಯಂತ್ರಣದ ಪುಟ್ಟ ಟ್ರಕ್ಕುಗಳ ಹವ್ಯಾಸ ಈಗ ದೆಹಲಿಯ ಕನ್ನಡಿಗರ ಮನೆಗಳಿಗೂ ಬಂದಿದೆ. ದ್ವಾರಕೆಯ ಸೊಸೈಟಿಗಳ ಹಿಂದಿನ ಖಾಲಿ ನಿವೇಶನಗಳಲ್ಲಿ, ಕಟ್ಟಡದ ಕೆಲಸದಿಂದ ಉಳಿದ ಮಣ್ಣುಗುಡ್ಡೆಗಳ ಮೇಲೆ, ಭಾನುವಾರದ ಬೆಳಗಿನಲ್ಲಿ ಇವು ಓಡಾಡುತ್ತವೆ. ಓಡಾಡುತ್ತವೆ ಎನ್ನುವುದಕ್ಕಿಂತ ತೆವಳುತ್ತವೆ ಎಂದರೆ ಸರಿಯಾದೀತು. ನಿಜವಾದ ವಾಹನದ ಹತ್ತನೆಯ ಅಥವಾ ಹದಿನಾರನೆಯ ಒಂದು ಪಾಲಿನಷ್ಟಿರುವ, ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಈ ಟ್ರಕ್ಕುಗಳಿಗೆ ವೇಗದ ಹಂಗಿಲ್ಲ. ಕಲ್ಲು, ಹಳ್ಳ, ಬೇರುಗಳನ್ನು ಮಗುಚಿಕೊಳ್ಳದೆ ದಾಟುವುದೇ ಇವುಗಳ ವಿದ್ಯೆ. ಈ ಹವ್ಯಾಸದವರ ಬಾಯಲ್ಲಿ ಸದಾ ಇರುವ ಮಾತು ‘ಕಸ್ಟಮೈಸ್’. ನಮ್ಮ ತಕರಾರು ಆ ಮಾತಿನ ಮೇಲೆಯೇ.

ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಲಿಂಕನ್ನು ತೆಗೆದು ಇನ್ನೊಂದು ಪೆಟ್ಟಿಗೆಯಲ್ಲಿ ಬಂದ ಅಲ್ಯೂಮಿನಿಯಂ ಲಿಂಕನ್ನು ತೊಡಿಸುವುದನ್ನು ಇಂದು ಕಸ್ಟಮೈಸ್ ಮಾಡುವುದು ಎನ್ನಲಾಗುತ್ತಿದೆ. ನಾವು ಅದನ್ನು ಖರೀದಿ ಎನ್ನುತ್ತೇವೆ. ಖರೀದಿ ತಪ್ಪೇನೂ ಅಲ್ಲ, ಆದರೆ ಖರೀದಿಗೆ ಸೃಷ್ಟಿಯ ಹೆಸರನ್ನು ಕೊಟ್ಟಾಗ ನಿಜಕ್ಕೂ ಏನನ್ನಾದರೂ ಮಾಡಿದವನಿಗೆ ಹೆಸರೇ ಇಲ್ಲದಂತಾಗುತ್ತದೆ. ಮುರಿದ ಸೈಕಲ್ಲಿನ ಕಡ್ಡಿಯನ್ನು ಕತ್ತರಿಸಿ, ಬಾಗಿಸಿ, ಹಿಂದಿನ ಅಚ್ಚನ್ನು ಚಾಸಿಗೆ ಕೂಡಿಸಿದವನ ಕೆಲಸವನ್ನು ಆಗ ‘ಜುಗಾಡ್’ ಎಂದು ನಕ್ಕು ಬದಿಗಿಡುವುದು ಸುಲಭವಾಗುತ್ತದೆ. ಮನೆಯಲ್ಲಿ ಮಾಡಿದ ಭಾಗವು ಅಂಗಡಿಯ ಭಾಗದ ಬಡ ನೆಂಟನಲ್ಲ ಎಂಬುದೇ ನಮ್ಮ ವಾದ. ಅನೇಕ ಕಡೆ ಅದು ಹೆಚ್ಚು ಯೋಗ್ಯವಾದದ್ದು, ಮತ್ತು ಅದನ್ನು ಮಾಡುವ ಶಕ್ತಿಯನ್ನು ನಾವು ಕಳೆದುಕೊಂಡರೆ ಕಳೆದುಕೊಳ್ಳುವುದು ಆಟಿಕೆಗಿಂತ ದೊಡ್ಡದು.

ಮೊದಲು ಲೆಕ್ಕದ ಮಾತು. ಒಂದು ವಾಹನವನ್ನು ಎಲ್ಲ ದಿಕ್ಕಿನಲ್ಲೂ ಹತ್ತನೆಯ ಒಂದಕ್ಕೆ ಇಳಿಸಿದರೆ ಅದರ ಕಂಬಿ-ಸರಳುಗಳ ಅಡ್ಡಕೊಯ್ತ ನೂರನೆಯ ಒಂದಾಗುತ್ತದೆ, ತೂಕವಾದರೋ ಸಾವಿರದ ಒಂದಾಗುತ್ತದೆ. ಎರಡು ಟನ್ನಿನ ಜೀಪು ಎರಡು ಕಿಲೋ ಆಗುತ್ತದೆ. ಅಂದರೆ ನಿಂತ ವಾಹನದ ಪ್ರತಿಯೊಂದು ಭಾಗವೂ ತನ್ನ ಗಾತ್ರಕ್ಕೆ ಹೋಲಿಸಿದರೆ ಹತ್ತನೆಯ ಒಂದು ಪಾಲಿನ ಹೊರೆಯನ್ನಷ್ಟೇ ಹೊರಬೇಕು. ಗಾತ್ರ ಮತ್ತು ಬಲದ ಈ ಸಂಬಂಧವನ್ನು ಗೆಲಿಲಿಯೊ 1638ರಲ್ಲೇ ಪ್ರಾಣಿಗಳ ಮೂಳೆಗಳ ಉದಾಹರಣೆ ಕೊಟ್ಟು ವಿವರಿಸಿದ್ದ. ದೊಡ್ಡ ಜೀಪಿಗೆ ಉಕ್ಕು ಬೇಕಾದಲ್ಲಿ ಪುಟ್ಟ ಜೀಪಿಗೆ ಮರ ಸಾಕು, ಪಿವಿಸಿ ಪೈಪಿನ ಚೂರು ಸಾಕು, ತಗಡು ಸಾಕು ಎನ್ನುವುದಕ್ಕೆ ಕಾರಣ ನಮ್ಮ ಬಡತನವಲ್ಲ, ಜಗತ್ತಿನ ನಿಯಮ. ‘ಪೂರ್ತಿ ಲೋಹದ್ದು’ ಎಂಬ ಜಾಹೀರಾತನ್ನು ನಂಬಿ ಹಣ ತೆರುವವರು ಬಹುಪಾಲು ಕಡೆ ಬೇಡದ ತೂಕವನ್ನು ಕೊಳ್ಳುತ್ತಿದ್ದಾರೆ.

ಆ ತೂಕ ಎಲ್ಲಿ ಕೂರುತ್ತದೆ ಎಂಬುದು ಇನ್ನೂ ಮುಖ್ಯ. ಎರಡು ಬದಿಯ ಚಕ್ರಗಳ ನಡುವಿನ ಅಂತರ ಇಪ್ಪತ್ತು ಸೆಂಟಿಮೀಟರ್, ಭಾರದ ಕೇಂದ್ರ ನೆಲದಿಂದ ಹತ್ತು ಸೆಂಟಿಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಅಂಥ ಟ್ರಕ್ಕು ಹಲಗೆಯ ಮೇಲೆ ಅಡ್ಡ ನಿಂತು ನಲವತ್ತೈದು ಡಿಗ್ರಿ ಓರೆಯಾದಾಗ ಮಗುಚುತ್ತದೆ. ಭಾರದ ಕೇಂದ್ರ ಮೇಲೇರಿದಷ್ಟೂ ಮಗುಚುವ ಕೋನ ಇಳಿಯುತ್ತದೆ. ಈಗ ಅಂಗಡಿಗಳಲ್ಲಿ ‘ಕಸ್ಟಮೈಸ್’ ಹೆಸರಿನಲ್ಲಿ ಮಾರುವ ಸಾಮಾನನ್ನು ನೋಡಿ: ಮಾಡಿನ ಮೇಲಿನ ಲೋಹದ ಕ್ಯಾರಿಯರ್, ಅದರ ಮೇಲೆ ಪುಟ್ಟ ಪೆಟ್ರೋಲ್ ಡಬ್ಬಿ, ಪುಟ್ಟ ಗುದ್ದಲಿ, ದೀಪಗಳ ಸಾಲು. ಎಲ್ಲವೂ ತಲೆಯ ಮೇಲೆ. ಚಿತ್ರದಲ್ಲಿ ಚೆಂದ, ಗುಡ್ಡದಲ್ಲಿ ಮಗುಚಾಟ. ಇತ್ತ ವೀಲ್ ಬ್ಯಾಲೆನ್ಸಿಂಗ್ ಅಂಗಡಿಯವನು ಎಸೆಯುವ ಐದು ಗ್ರಾಂ, ಹತ್ತು ಗ್ರಾಂ ತೂಕದ ಪಟ್ಟಿಗಳನ್ನು ಮುಂದಿನ ಚಕ್ರಗಳ ಒಳಕ್ಕೆ ಅಂಟಿಸಿದರೆ ಅದೇ ಟ್ರಕ್ಕು ಏರು ಹತ್ತುವಾಗ ಮೂತಿ ಎತ್ತದೆ ನೆಲ ಕಚ್ಚಿ ನಡೆಯುತ್ತದೆ. ಸೀಸದ ಪಟ್ಟಿಯಾದರೆ ಮುಟ್ಟಿದ ಮೇಲೆ ಕೈ ತೊಳೆಯಬೇಕು, ಖರ್ಚು ಅಷ್ಟೇ.

ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರನ್ನೇ ತೆಗೆದುಕೊಳ್ಳಿ. ಕೊಂಡದ್ದು ಕೆಂಪೋ ನೀಲಿಯೋ ಬಣ್ಣದಲ್ಲಿ ಬರುತ್ತದೆ. ಒಳಗೆ ಏನಿದೆ ಎಂದು ಕೊಂಡವನು ನೋಡುವುದು ಅಪರೂಪ. ಔಷಧದಂಗಡಿಯಲ್ಲಿ ಸಿಗುವ ಹೊಸ ಸಿರಿಂಜು ಮತ್ತು ಬಾಲ್‌ಪೆನ್ನಿನ ಸ್ಪ್ರಿಂಗುಗಳಿಂದ ಹದಿನಾರನೆಯ ಅಳತೆಯ ಹಗುರ ಟ್ರಕ್ಕಿಗೆ ಒಂದನ್ನು ಮಾಡಿ ನೋಡಲಿ. ಸ್ಪ್ರಿಂಗು ಟ್ರಕ್ಕನ್ನು ಎತ್ತಿ ಹಿಡಿಯುತ್ತದೆ. ಸಿರಿಂಜಿನ ಮೂತಿಯ ಸಣ್ಣ ರಂಧ್ರದಿಂದ ಗಾಳಿ ನಿಧಾನವಾಗಿ ಹೊರಹೋಗುವುದೇ ಕುಣಿತವನ್ನು ಅಡಗಿಸುತ್ತದೆ. ರಂಧ್ರವನ್ನು ಕಿರಿದು ಮಾಡಿದರೆ ಬಿಗಿ, ಹಿರಿದು ಮಾಡಿದರೆ ಸಡಿಲ. ಸ್ಪ್ರಿಂಗಿನ ಕೆಲಸ ಬೇರೆ, ತಡೆಯುವವನ ಕೆಲಸ ಬೇರೆ ಎಂಬ ಈ ಸತ್ಯವನ್ನು ಹತ್ತು ವರ್ಷದ ಮಗು ಅರ್ಧ ಗಂಟೆಯಲ್ಲಿ ಬೆರಳಿನಿಂದ ಕಲಿಯುತ್ತದೆ. ಬಣ್ಣದ ಶಾಕ್ ಅಬ್ಸಾರ್ಬರು ಈ ಪಾಠವನ್ನು ಮುಚ್ಚಿಟ್ಟುಕೊಂಡೇ ಬರುತ್ತದೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಎಲ್ಲವನ್ನೂ ಮನೆಯಲ್ಲಿ ಮಾಡಲು ಸಾಧ್ಯವೇ ಎನ್ನುತ್ತಾರೆ. ಸಾಧ್ಯವಿಲ್ಲ, ಮಾಡಲೂಬಾರದು. ಮೋಟಾರು, ಗೇರು, ಬೇರಿಂಗು, ಸರ್ವೊ, ರೇಡಿಯೊ ಇವೆಲ್ಲ ಕೊಳ್ಳುವ ವಸ್ತುಗಳೇ; ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರುಕಟ್ಟೆ ಇರುವುದೇ ಅದಕ್ಕೆ. ಲಿಥಿಯಂ ಬ್ಯಾಟರಿಯ ಜೊತೆಯಂತೂ ಯಾವ ಪ್ರಯೋಗವೂ ಕೂಡದು. ಸಾಮಾನ್ಯ ಲಿಥಿಯಂ ಪಾಲಿಮರ್ ಕೋಶವನ್ನು 4.2 ವೋಲ್ಟ್ ಮೀರಿ ತುಂಬಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಸಬಾರದು, ಉಬ್ಬಿದ್ದನ್ನು ಮತ್ತೆ ಬಳಸಬಾರದು. ಯಾವುದನ್ನು ಮಾಡಬಹುದು, ಯಾವುದನ್ನು ಕೊಳ್ಳಬೇಕು ಎಂಬ ವಿವೇಕವೂ ಮಾಡುತ್ತ ಮಾಡುತ್ತಲೇ ಬರುತ್ತದೆ. ಎಲ್ಲವನ್ನೂ ಕೊಳ್ಳುವವನಿಗೆ ಆ ವಿವೇಕದ ಅಗತ್ಯವೇ ಬೀಳುವುದಿಲ್ಲ.

ಸಮಯ ವ್ಯರ್ಥ ಎನ್ನುವವರೂ ಇದ್ದಾರೆ. ಅಲ್ಪ ಬೆಲೆಯ ಭಾಗಕ್ಕೆ ಇಡೀ ಭಾನುವಾರ ಅರ ಹಿಡಿದು ಕೂರಬೇಕೇ ಎಂದು ಕೇಳುತ್ತಾರೆ. ಹವ್ಯಾಸದಲ್ಲಿ ಸಮಯ ಉಳಿಸಿ ಯಾವುದಕ್ಕೆ ಬಳಸುತ್ತೀರಿ ಎಂಬ ಮರುಪ್ರಶ್ನೆಯೇ ನಮ್ಮ ಉತ್ತರ. ಸಂಗೀತದ ಅಭ್ಯಾಸಕ್ಕೆ ಕುಳಿತವನನ್ನು ಧ್ವನಿಮುದ್ರಿಕೆ ಅಗ್ಗವಾಗಿ ಸಿಗುತ್ತದಲ್ಲ ಎಂದು ಯಾರೂ ಎಬ್ಬಿಸುವುದಿಲ್ಲ.

ಇನ್ನು ಕೆಲವರು ನಮ್ಮನ್ನು ಬೇರೆ ಕಾರಣಕ್ಕೆ ಹೊಗಳುತ್ತಾರೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತಲ್ಲ, ಆದ್ದರಿಂದ ಮನೆಯಲ್ಲೇ ಮಾಡಿಕೊಳ್ಳುವುದು ಜಾಣತನ ಎನ್ನುತ್ತಾರೆ. ಈ ಹೊಗಳಿಕೆ ನಮಗೆ ಬೇಡ. ಸುಂಕ ಏರಿದ್ದರಿಂದ ಹುಟ್ಟಿದ ಕೈಕೆಲಸ ಸುಂಕ ಇಳಿದ ದಿನ ಸಾಯುತ್ತದೆ. ‘ಜುಗಾಡ್’ ಎಂಬ ಪದದಲ್ಲಿರುವ ತೊಡಕೂ ಇದೇ. ಬೇರೆ ಗತಿಯಿಲ್ಲದಾಗ ಮಾಡಿದ ತಾತ್ಕಾಲಿಕ ತೇಪೆ ಎಂಬ ಭಾವ ಅದರಲ್ಲಿದೆ. ಹಣ ಬಂದರೆ ಬಿಟ್ಟುಬಿಡಬೇಕಾದ ಅಭ್ಯಾಸ ಎಂಬ ಧ್ವನಿ ಇದೆ. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಗೆಳೆಯನ ಬಿಎಂಡಬ್ಲ್ಯು ಬೈಕಿನ ಸಡಿಲವಾದ ಹ್ಯಾಂಡಲನ್ನು ಬಿಗಿಮಾಡಲು ಬಿಯರ್ ಡಬ್ಬಿಯ ತಗಡಿನ ಚೂರು ಸಾಕು ಎಂದು ನಿರೂಪಕ ಹೇಳುತ್ತಾನೆ. ಆ ಕೆಲಸಕ್ಕೆ ತಗಡು ಅತ್ಯಂತ ತಕ್ಕದ್ದು. ಆದರೂ ಗೆಳೆಯನಿಗೆ ಅವಮಾನವಾಗುತ್ತದೆ. ದುಬಾರಿ ಜರ್ಮನ್ ಬೈಕಿಗೆ ಬಿಯರ್ ಡಬ್ಬಿಯೇ! ತಗಡಿನ ಗುಣವನ್ನು ನೋಡದೆ ಅದರ ಕುಲವನ್ನು ನೋಡುವ ಈ ರೋಗ ಅಮೆರಿಕದ್ದಷ್ಟೇ ಅಲ್ಲ.

ಕುಲ ಎಂಬ ಪದವನ್ನು ನಾವು ಬೇಕೆಂದೇ ಬಳಸಿದ್ದೇವೆ. ಮಾಯಾಪುರಿಯ ಗುಜರಿಯಲ್ಲಿ ನಟ್ಟು-ಬೋಲ್ಟು ಆರಿಸುವ ನಮ್ಮನ್ನು ಕಂಡು, ಇಷ್ಟು ಓದಿದವರಿಗೆ ಇದೇನು ಗತಿ ಎಂದು ಕೇಳಿದ ಕನ್ನಡಿಗರಿದ್ದಾರೆ. ಅವರೇ ಸಂಘದ ವೇದಿಕೆಯಲ್ಲಿ ಕಾಯಕದ ಮಹತ್ವವನ್ನು ಕುರಿತು ಮಾತನಾಡಬಲ್ಲರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ ಬಿದಿರು ಸೀಳಿ ಬುಟ್ಟಿ ಹೆಣೆದವನು, ನುಲಿಯ ಚಂದಯ್ಯ ಹಗ್ಗ ಹೊಸೆದವನು. ಅವರ ಹೆಸರು ನಮಗೆ ಬೇಕು. ಅವರ ಕೈಗೆ ಅಂಟಿದ ನಾರು ನಮ್ಮ ಕೈಗೆ ಅಂಟಬಾರದು. ಬರೆಯುವ ಕೈ ಮೇಲು, ಮಾಡುವ ಕೈ ಕೀಳು ಎಂಬ ಹಳೆಯ ಶ್ರೇಣಿಯನ್ನು ನಾವು ಊರಿನಿಂದ ಎರಡು ಸಾವಿರ ಕಿಲೋಮೀಟರು ದೂರಕ್ಕೂ ಜೋಪಾನವಾಗಿ ಹೊತ್ತು ತಂದಿದ್ದೇವೆ. ಮಗ ಕೈಯಾರೆ ಮಾಡಿದ ಚಕ್ರಕ್ಕಿಂತ ಕೊಂಡ ಚಕ್ರವನ್ನು ಅತಿಥಿಗಳಿಗೆ ತೋರಿಸಲು ಇಷ್ಟಪಡುವುದರ ಹಿಂದೆ ಇರುವುದು ಅದೇ ಶ್ರೇಣಿ.

ಚನ್ನಪಟ್ಟಣದ ಗೊಂಬೆಗಳ ಕಥೆಯನ್ನೇ ನೋಡಿ. 2022ರ ಗಣರಾಜ್ಯೋತ್ಸವದಲ್ಲಿ ಸಾಂಪ್ರದಾಯಿಕ ಕರಕುಶಲ ಕಲೆಗಳನ್ನು ಹೊತ್ತ ಕರ್ನಾಟಕದ ಸ್ತಬ್ಧಚಿತ್ರ ರಾಜಪಥದಲ್ಲಿ ಸಾಗಿದಾಗ ದೆಹಲಿಯ ಕನ್ನಡಿಗರೆಲ್ಲ ಹೆಮ್ಮೆಪಟ್ಟೆವು. ಆಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಬಣ್ಣದ ಅರಗನ್ನು ಒತ್ತಿ, ಆ ಬಿಸಿಯಲ್ಲೇ ಹೊಳಪು ತರುವ ವಿದ್ಯೆ ಅದು. ಉರುಟಾದದ್ದನ್ನು ಮಾಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಪುಟ್ಟ ಟ್ರಕ್ಕಿನ ರಿಮ್ಮೂ ಉರುಟಾದದ್ದೇ. ಆದರೆ ನಮ್ಮ ಫ್ಲಾಟುಗಳಲ್ಲಿ ಚನ್ನಪಟ್ಟಣ ಇರುವುದು ಷೋಕೇಸಿನ ಗಾಜಿನ ಹಿಂದೆ. ಮಕ್ಕಳು ಮುಟ್ಟಿದರೆ ಗದರುತ್ತೇವೆ. ಆಡಲು ಮಾಡಿದ್ದನ್ನು ಪೂಜೆಗೆ ಇಟ್ಟು, ಆಡಲು ಹೊರಗಿನದನ್ನು ತರಿಸುತ್ತೇವೆ.

ಹೊರಗಿನಿಂದ ತರಿಸಿದ್ದು ವಸ್ತುವನ್ನಷ್ಟೇ ತರುವುದಿಲ್ಲ, ಕಲ್ಪನೆಯನ್ನೂ ತರುತ್ತದೆ. ಈ ಹವ್ಯಾಸದಲ್ಲಿ ಬಹಳ ಹೆಸರಾದ ಟ್ರ್ಯಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4 2017ರಲ್ಲಿ ಬಂದಾಗ ಲ್ಯಾಂಡ್ ರೋವರ್ ಡಿಫೆಂಡರಿನ ಮೈ ತೊಟ್ಟು ಬಂತು. ಒಳ್ಳೆಯ ಯಂತ್ರ, ಅದರ ಕುಶಲತೆಯ ಬಗ್ಗೆ ನಮಗೆ ಗೌರವವಿದೆ. ಆದರೆ ನಮ್ಮ ನೆನಪಿನ ದುರ್ಗಮ ದಾರಿ ಮಲೆನಾಡಿನದು, ಅಲ್ಲಿ ಓಡಿದ್ದು ತಾರ್ಪಾಲು ಹೊದ್ದ, ಅಡಿಕೆ ಮೂಟೆಯ ಮೇಲೆ ಜನರನ್ನೂ ಕೂರಿಸಿಕೊಂಡ ಜೀಪು. ಬಯಲುಸೀಮೆಯದಾದರೆ 1986ರಲ್ಲಿ ರಸ್ತೆಗಿಳಿದ ಟಾಟಾ 407. ಹಳೆಯ ಛತ್ರಿಯ ಬಟ್ಟೆಯಿಂದ ತಾರ್ಪಾಲು ಹೊಲಿದು, ಎಣ್ಣೆಡಬ್ಬಿಯ ತಗಡಿನಿಂದ ಬಾನೆಟ್ಟು ಬಡಿದು ಆ ಜೀಪನ್ನು ಮಾಡದಿದ್ದರೆ, ದ್ವಾರಕೆಯಲ್ಲಿ ಹುಟ್ಟಿದ ನಮ್ಮ ಮಕ್ಕಳ ಪಾಲಿಗೆ ಗುಡ್ಡ ಎಂದರೆ ಯಾವುದೋ ದೇಶದ ಗುಡ್ಡವೇ. ಇಲ್ಲಿನ ನೆಲವೂ ನಮ್ಮ ಪಾಲಿಗೆ ಪೂರ್ತಿ ಪರದೇಶವಲ್ಲ. ದೆಹಲಿಯವರು ವಿಲಾಯತಿ ಕೀಕರ್ ಎನ್ನುವ ಮುಳ್ಳುಪೊದೆ ನಮ್ಮೂರಿನ ಬಳ್ಳಾರಿ ಜಾಲಿಯೇ. ಅದರ ಬೇರುಗಳ ನಡುವೆ, ಈ ಊರಿನ ಹಿಟ್ಟಿನಂಥ ಧೂಳಿನಲ್ಲಿ ನಡೆಯಬೇಕಾದ ಟ್ರಕ್ಕಿಗೆ ಏನು ಬೇಕು ಎಂಬುದು ಇಲ್ಲಿ ನಡೆಸಿದವನಿಗೆ ಗೊತ್ತು. ತೆರೆದ ಕೀಲಿಗೆ ಗ್ರೀಸು ಹಚ್ಚಿದರೆ ಧೂಳು ಅದಕ್ಕೆ ಅಂಟಿ ಅರೆಯುವ ಕಲ್ಲಾಗುತ್ತದೆ.

ಭಾಷೆಯ ಮಾತನ್ನೂ ಹೇಳಬೇಕು, ಇದು ಕನ್ನಡದವರ ಅಂಗಳವಾದ್ದರಿಂದ. ಅಚ್ಚು, ಗುಂಬ, ಕಡೆಗೀಲು ಎಂಬ ಪದಗಳು ನಮ್ಮ ಮಕ್ಕಳಿಗೆ ನಿಘಂಟಿನಲ್ಲಿ ಕೂಡ ಸಿಗುವುದು ಕಷ್ಟ, ಏಕೆಂದರೆ ಹುಡುಕುವ ಸಂದರ್ಭವೇ ಬರುವುದಿಲ್ಲ. ಕೂದಲಿನ ಪಿನ್ನನ್ನು ಬಾಗಿಸಿ ಪುಟ್ಟ ಚಕ್ರ ಜಾರದಂತೆ ಅಚ್ಚಿನ ತುದಿಗೆ ಸಿಕ್ಕಿಸಿದ ಮಗುವಿಗೆ ‘ಅದು ಕಡೆಗೀಲು’ ಎಂದು ಹೇಳಿದರೆ ಸಾಕು, ಮರೆಯುವುದಿಲ್ಲ. ಸರ್ವೊ ಸರ್ವೊ ಆಗಿಯೇ ಇರಲಿ, ಅದಕ್ಕೆ ಹೊಸ ಪದ ಟಂಕಿಸುವ ಉಮೇದು ನಮಗಿಲ್ಲ. ಇರುವ ಪದಕ್ಕೆ ಕೈಯ ಆಸರೆ ಸಿಗಲಿ ಎಂಬುದಷ್ಟೇ ಆಸೆ.

ತ್ರೀಡಿ ಪ್ರಿಂಟರು ಬಂದ ಮೇಲೆ ಈ ವಾದವೆಲ್ಲ ಹಳತಾಯಿತು ಎನ್ನುವವರಿಗೆ ಒಂದೇ ಮಾತು. ಬೇರೆಯವರ ಕಡತವನ್ನು ಇಳಿಸಿಕೊಂಡು ಗುಂಡಿ ಒತ್ತಿದರೆ ಅದೂ ಖರೀದಿಯ ಇನ್ನೊಂದು ರೂಪ. ಮುರಿದದ್ದನ್ನು ಅಳೆದು, ಏಕೆ ಮುರಿಯಿತೆಂದು ಯೋಚಿಸಿ, ತಾನೇ ಚಿತ್ರ ಬರೆದು ಮುದ್ರಿಸಿದರೆ ಅವನು ನಮ್ಮವನೇ. ಉಪಕರಣ ಯಾವುದು ಎಂಬ ಜಗಳ ನಮ್ಮದಲ್ಲ.

ಆದ್ದರಿಂದ ಹೊರನಾಡಿನ ನಮ್ಮ ಸಂಘಗಳ ಮುಂದೆ ಒಂದು ಬೇಡಿಕೆ ಇಡುತ್ತೇವೆ. ರಾಜ್ಯೋತ್ಸವದ ಮಕ್ಕಳ ಸ್ಪರ್ಧೆಗಳಲ್ಲಿ ಭಾವಗೀತೆ, ಪ್ರಬಂಧ, ವೇಷಭೂಷಣಗಳ ಜೊತೆ ಒಂದು ಮೂಲೆಯಲ್ಲಿ ಮಣ್ಣುಗುಡ್ಡೆ ಹಾಕಿಸಿ ಟ್ರಕ್ಕುಗಳಿಗೂ ಜಾಗ ಕೊಡಿ. ಟ್ರಕ್ಕು ಯಾವ ಕಂಪನಿಯದಾದರೂ ಇರಲಿ, ಅಗ್ಗದ್ದಿರಲಿ, ದುಬಾರಿಯದಿರಲಿ. ನಿಯಮ ಎರಡೇ ಸಾಕು: ಟ್ರಕ್ಕಿನ ಒಂದು ಭಾಗವನ್ನಾದರೂ ಮಗು ಕೈಯಾರೆ ಮಾಡಿರಬೇಕು, ಮತ್ತು ಅದನ್ನು ಹಾಗೆಯೇ ಏಕೆ ಮಾಡಿತು ಎಂಬುದನ್ನು ಕನ್ನಡದಲ್ಲಿ ಹೇಳಬೇಕು. ಗುಡ್ಡದ ನಡುವೆ ಆ ಭಾಗ ಮುರಿದರೆ ಅಂಕ ಕಳೆಯಬೇಡಿ. ಅರ ಮತ್ತು ಇಕ್ಕಳವನ್ನು ಕೈಗೆ ಕೊಟ್ಟು ಇನ್ನೊಂದು ಗಂಟೆ ಕಾಯಿರಿ.