ಮುಲ್ಜಿಮ್ ಬೇರೆ, ಮುಜ್ರಿಮ್ ಬೇರೆ

ನಮ್ಮ ದಾದಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಪೇಪರ್ ಓದಿ ಉರ್ದುವಿನಲ್ಲಿ ಹೇಳುವುದು ನನ್ನ ಕೆಲಸ. ಒಂದು ದಿನ ಕಳ್ಳತನದ ಸುದ್ದಿ ಓದುತ್ತಾ ‘ಆರೋಪಿ’ ಎಂಬುದಕ್ಕೆ ‘ಮುಜ್ರಿಮ್’ ಎಂದುಬಿಟ್ಟೆ. ದಾದಿ ತಕ್ಷಣ ತಡೆದರು: “ಮುಜ್ರಿಮ್ ಅಲ್ಲ ಬೇಟಿ, ಮುಲ್ಜಿಮ್. ಕೋರ್ಟು ಇನ್ನೂ ಏನೂ ಹೇಳಿಲ್ಲವಲ್ಲ.” ಕನ್ನಡದಲ್ಲೂ ಅಷ್ಟೇ, ಆರೋಪಿ ಬೇರೆ, ಅಪರಾಧಿ ಬೇರೆ. ಆದರೆ ಮಾತಾಡುವಾಗ ನಾವು ಎರಡನ್ನೂ ಒಂದೇ ಮಾಡಿಬಿಡುತ್ತೇವೆ.

ನಮ್ಮ ಮೊಹಲ್ಲಾದ ಒಬ್ಬ ಭಾಯ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದರು. ಬೈಕ್ ಕಳ್ಳತನವೊಂದರ ವಿಚಾರಣೆಗೆ ಅವರನ್ನು ಮೂರು ದಿನ ಕರೆಸಿದರು. ಆಮೇಲೆ ಬೇರೆ ಯಾರೋ ಸಿಕ್ಕಿಬಿದ್ದರು. ಇವರ ಮೇಲೆ ಕೇಸೇ ಆಗಲಿಲ್ಲ. ಆದರೂ ಗ್ಯಾರೇಜಿನವರು ವಾಪಸ್ ಸೇರಿಸಿಕೊಳ್ಳಲಿಲ್ಲ. ಮೊಹಲ್ಲಾದ ನಾವೂ ಕಡಿಮೆಯಿಲ್ಲ. ಅವರು ಬಂದರೆ ಗಾಡಿಯ ಬೀಗ ನೋಡಿಕೊಳ್ಳುತ್ತಿದ್ದೆವು.

ಇದಕ್ಕಿಂತ ದೊಡ್ಡದು ನಮ್ಮ ಜಿಲ್ಲೆಯ ಕೋರ್ಟಿನಲ್ಲೇ ನಡೆದಿದೆ. ಕುಶಾಲನಗರದ ಕಡೆಯ ಒಬ್ಬ ಆದಿವಾಸಿ ಕೂಲಿಯ ಹೆಂಡತಿ 2020ರಲ್ಲಿ ಕಾಣೆಯಾದರು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬಳಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದ್ದೇ ಎಂದು ಗಂಡನ ಮೇಲೆ ಕೊಲೆ ಕೇಸು ಹಾಕಿದರು. ಆತ ಒಂದೂವರೆ ವರ್ಷದಷ್ಟು ಕಾಲ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಕಂಡರು! ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಗಂಡನನ್ನು ಬಿಡುಗಡೆ ಮಾಡಿತು.

ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಒಂದು ಚಿಕ್ಕ ಕಂಪನಿಯ ಲೆಕ್ಕಕ್ಕೂ ಆಡಿಟ್ ಇದೆ. ಮನುಷ್ಯರನ್ನು ಜೈಲಿಗೆ ಕಳಿಸುವ ವ್ಯವಸ್ಥೆಗೆ ಆಡಿಟ್ ಮಾಡುವವರು ಯಾರು? ಈ ಕೆಲಸದ ಒಂದು ಭಾಗ ವಿಶ್ವವಿದ್ಯಾನಿಲಯದ್ದು ಎಂಬುದು ನನ್ನ ಅಭಿಪ್ರಾಯ. ಅಪರಾಧಶಾಸ್ತ್ರ ಎಂದರೆ ಬೆರಳಚ್ಚು, ರಕ್ತದ ಕಲೆ ಅಷ್ಟೇ ಎಂದು ನಾನೂ ತಿಳಿದಿದ್ದೆ. ಅಪರಾಧ ಏಕೆ ನಡೆಯುತ್ತದೆ, ಯಾರನ್ನು ಹಿಡಿಯುತ್ತಾರೆ, ಯಾರಿಗೆ ಜಾಮೀನು ಸಿಗುತ್ತದೆ, ನೊಂದವರಿಗೆ ಏನು ಸಿಗುತ್ತದೆ ಎಂಬುದೆಲ್ಲ ಅದರೊಳಗೇ ಬರುತ್ತದೆ.

ಕೆಲವು ಲೆಕ್ಕ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನೂರಕ್ಕೆ 76ರಷ್ಟು ಮಂದಿ ಇನ್ನೂ ಮುಲ್ಜಿಮ್‌ಗಳೇ. ದಲಿತರು, ಆದಿವಾಸಿಗಳು, ಮುಸ್ಲಿಮರ ಪಾಲು ಜನಸಂಖ್ಯೆಯಲ್ಲಿರುವುದಕ್ಕಿಂತ ಜೈಲಿನಲ್ಲಿ ಹೆಚ್ಚು. ಇದನ್ನು ನೋಡಿ ಕೆಲವರು “ಇವರೇ ಅಪರಾಧಿಗಳು” ಎನ್ನುತ್ತಾರೆ, ಕೆಲವರು “ಎಲ್ಲವೂ ನಮ್ಮ ವಿರುದ್ಧವೇ” ಎನ್ನುತ್ತಾರೆ. ಬಡತನ ಕಾರಣವೋ, ವಕೀಲರಿಲ್ಲದ್ದು ಕಾರಣವೋ, ಪೂರ್ವಗ್ರಹವೋ? ಅಂಕಿ ಒಂದೇ ಇದನ್ನು ಹೇಳುವುದಿಲ್ಲ, ಕೂತು ಸಂಶೋಧನೆ ಮಾಡಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು ಮರಣದಂಡನೆಯ 373 ಕೈದಿಗಳನ್ನು ಮಾತಾಡಿಸಿ 2016ರಲ್ಲಿ ವರದಿ ತಂದರು. ಅವರಲ್ಲಿ ಮುಕ್ಕಾಲು ಪಾಲು ಮಂದಿ ಬಡವರೆಂದು ತಿಳಿದದ್ದು ಹಾಗೆ.

“ಇಂಥ ಓದು ಆರೋಪಿಯ ಪರವೇ ಅಲ್ಲವೇ, ಸತ್ತವರ ಗತಿ ಏನು?” ಎಂದು ನನ್ನ ಗೆಳತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಬೆಟ್ಟದಪುರದ ಆ ಅಸ್ಥಿಪಂಜರವೂ ಯಾರೋ ಒಬ್ಬರದ್ದೇ ತಾನೇ? ತಪ್ಪು ಮನುಷ್ಯನನ್ನು ಹಿಡಿದ ದಿನವೇ ಆ ಜೀವಕ್ಕೆ ಸಿಗಬೇಕಾದ ನ್ಯಾಯದ ದಾರಿಯೂ ಮುಚ್ಚಿತು. ತನಿಖೆ ಸರಿಯಾದರೆ ಇಬ್ಬರಿಗೂ ಲಾಭ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಪರಾಧಶಾಸ್ತ್ರ ಓದಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ವಿಭಾಗವಿದೆ. ಇಂಥವರು ನಂಜನಗೂಡು, ತಿ.ನರಸೀಪುರದ ತಾಲ್ಲೂಕು ಕೋರ್ಟುಗಳಿಗೂ ಬರಲಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿ ಎನಿಸದ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಹಲವು ಕೇಸು ಇರುವವರಿಗೂ ಇದು ಅನ್ವಯಿಸದು. ನಮ್ಮ ತಾಲ್ಲೂಕುಗಳವರಿಗೆ ಇದು ನಿಜಕ್ಕೂ ಸಿಗುತ್ತಿದೆಯೇ ಎಂದು ಎಣಿಸಿ, ಕನ್ನಡದಲ್ಲಿ ಬರೆದು ನಮ್ಮ ಲೈಬ್ರರಿಯಲ್ಲಿ ಇಡಲಿ.

ನಮ್ಮಿಂದ ಆಗುವುದೂ ಇದೆ. ಕೋರ್ಟು ಸಾಮಾನ್ಯವಾಗಿ ಎಲ್ಲರಿಗೂ ತೆರೆದಿರುತ್ತದೆ, ಹೋಗಿ ಕೂತು ನೋಡಬಹುದು. ಹೆಣ್ಣುಮಕ್ಕಳಿಗೆ, ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಇದೆ. ಸಹಾಯವಾಣಿ 15100, ಮನೆಯಲ್ಲಿ ಬರೆದಿಡಿ. ‘ಪಿಯುಸಿ ನಂತರ ಏನು’ ಕಾರ್ಯಕ್ರಮಕ್ಕೆ ಈ ಬಾರಿ ಅಪರಾಧಶಾಸ್ತ್ರದ ಅಧ್ಯಾಪಕರೊಬ್ಬರನ್ನೂ ಕರೆಸಬೇಕೆಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ. ನಮ್ಮ ಮನೆಯಲ್ಲಿ ಅಬ್ಬಾ ಬಿಕಾಂ ಎನ್ನುತ್ತಿದ್ದಾರೆ. ದಾದಿ ಮಾತ್ರ ನನ್ನ ಕಡೆ ಇದ್ದಾರೆ.