ಕಾರ್ಡಿಗೆ ಕೋಟಿ ಬೆಲೆ ಯಾಕೆ?

2024ರ ಕ್ರಿಸ್‌ಮಸ್ ದಿನ ಲಾಸ್ ಏಂಜಲೀಸ್ ಕಡೆಯ 11 ವರ್ಷದ ಹುಡುಗನೊಬ್ಬ ಬೇಸ್‌ಬಾಲ್ ಕಾರ್ಡಿನ ಪ್ಯಾಕೆಟ್ ಒಡೆದ. ಒಳಗಿದ್ದದ್ದು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಹೊಸ ಪಿಚರ್ ಪಾಲ್ ಸ್ಕೀನ್ಸ್‌ನ ಕಾರ್ಡ್. ಮೊದಲ ಪಂದ್ಯ ಆಡಿದಾಗ ಅವನ ಜೆರ್ಸಿ ತೋಳಿನ ಮೇಲಿದ್ದ ಪ್ಯಾಚನ್ನೇ ಕಾರ್ಡಿನೊಳಗೆ ಕೂರಿಸಿ, ಅವನಿಂದ ಸಹಿ ಹಾಕಿಸಿದ್ದರು. ಪ್ರಪಂಚದಲ್ಲಿ ಅಂಥದ್ದು ಅದೊಂದೇ. ಆ ಕಾರ್ಡ್ ಕೊಟ್ಟರೆ 30 ವರ್ಷ ಸೀಸನ್ ಟಿಕೆಟ್ ಕೊಡ್ತೀವಿ ಅಂತ ತಂಡದವರೇ ಮುಂದೆ ಬಂದರು. ಮನೆಯವರು ಒಪ್ಪಲಿಲ್ಲ. 2025ರ ಮಾರ್ಚ್‌ನಲ್ಲಿ ಅದು ಹರಾಜಾಗಿದ್ದು 11.1 ಲಕ್ಷ ಡಾಲರಿಗೆ. ನಮ್ಮ ಲೆಕ್ಕದಲ್ಲಿ ಒಂಬತ್ತು ಕೋಟಿ ರೂಪಾಯಿಗೂ ಮೇಲೆ!

ಅಂಗೈಯಗಲದ ರಟ್ಟಿಗೆ ಇಷ್ಟು ದುಡ್ಡಾ ಅಂತ ನಗು ಬರಬಹುದು. ಆದರೆ ಇದರ ಹಿಂದಿನ ಲೆಕ್ಕಾಚಾರ ತಿಳ್ಕೊಂಡರೆ ಬೇರೆ ಕಡೆಯೂ ನಮ್ಮ ಜೇಬು ಉಳಿಯುತ್ತೆ.

ಹಳೇ ಕಾರ್ಡುಗಳು ಅಪರೂಪ ಆಗಿದ್ದು ತಾವಾಗಿಯೇ. ಹುಡುಗರು ಸೈಕಲ್ ಕಡ್ಡಿಗೆ ಸಿಕ್ಕಿಸಿ ಟರ್ರ್ ಅನ್ನಿಸಿದರು, ಅಮ್ಮಂದಿರು ಮನೆ ಗುಡಿಸುವಾಗ ಎಸೆದರು. ಹಾಗೆ ಉಳಿದ ಕೆಲವಕ್ಕೆ ಬೆಲೆ ಬಂತು. 1952ರ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು.

ಹಳೇ ಕಾರ್ಡಿನ ಬೆಲೆ ಏರುವುದನ್ನು ನೋಡಿ 1980ರ ದಶಕದ ಕೊನೆಯಲ್ಲಿ ಜನ ಎಲ್ಲವನ್ನೂ ಜೋಪಾನವಾಗಿ ಎತ್ತಿಡತೊಡಗಿದರು. ಕಂಪನಿಗಳೂ ಕೈಬಿಚ್ಚಿ ಮುದ್ರಿಸಿದವು. ಎಲ್ಲರ ಅಟ್ಟದಲ್ಲೂ ಇರೋ ವಸ್ತುವನ್ನು ಯಾರು ಕೊಳ್ತಾರೆ? ಆ ಕಾಲದ ಬಹುಪಾಲು ಕಾರ್ಡುಗಳು ಇವತ್ತಿಗೂ ಚಿಲ್ಲರೆ ಕಾಸಿಗೇ ಬಿದ್ದಿವೆ. ಸಂಗ್ರಹಕಾರರು ಅದನ್ನು ‘ಜಂಕ್ ವ್ಯಾಕ್ಸ್’ ಕಾಲ ಅಂತಲೇ ಕರೆಯುತ್ತಾರೆ.

ಅಲ್ಲಿಂದ ಕಂಪನಿಗಳು ಪಾಠ ಕಲಿತವು. ಅಪರೂಪವನ್ನು ಕಾರ್ಖಾನೆಯಲ್ಲೇ ತಯಾರಿಸಿದರೆ ಆಯ್ತಲ್ಲ! ಈಗ ಒಬ್ಬನೇ ಆಟಗಾರನ ಒಂದೇ ಚಿತ್ರ ಹತ್ತಾರು ಬಣ್ಣದಲ್ಲಿ ಬರುತ್ತೆ. ಟಾಪ್ಸ್ ಕ್ರೋಮ್ ಸರಣಿಯಲ್ಲಿ ಚಿನ್ನದ ಬಣ್ಣದ್ದು 50, ಕಿತ್ತಳೆ ಬಣ್ಣದ್ದು 25, ಕೆಂಪು ಬರೀ 5. ‘ಸೂಪರ್‌ಫ್ರ್ಯಾಕ್ಟರ್’ ಅನ್ನೋದು ಒಂದೇ ಒಂದು. ಎಷ್ಟರಲ್ಲಿ ಎಷ್ಟನೆಯದು ಅಂತ ಕಾರ್ಡಿನ ಮೇಲೆಯೇ ನಂಬರ್ ಇರುತ್ತೆ.

ನಂಬರ್ ಒಂದೇ ಸಾಲದು. ಆಟಗಾರನ ಮೊದಲ ವರ್ಷದ ಕಾರ್ಡ್, ಅಂದರೆ ‘ರೂಕಿ ಕಾರ್ಡ್’ ಆದರೆ ಬೆಲೆ ಜಾಸ್ತಿ. ಸಹಿ ಬೇರೆ ಸ್ಟಿಕರ್ ಮೇಲಿರದೆ ನೇರ ಕಾರ್ಡಿನ ಮೇಲಿದ್ದರೆ ಇನ್ನೂ ಜಾಸ್ತಿ. ಆಮೇಲೆ ಗ್ರೇಡಿಂಗ್. ಪಿಎಸ್‌ಎಯಂಥ ಸಂಸ್ಥೆಗಳು ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರ ನಟ್ಟನಡುವೆ ಕೂತಿದೆಯಾ ಇವನ್ನೆಲ್ಲ ನೋಡಿ ಹತ್ತಕ್ಕೆ ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ದೋಷಕ್ಕೆ 10 ಹೋಗಿ 9 ಬಂದರೂ ಸಾಕು, ಬೆಲೆ ಅರ್ಧಕ್ಕಿಂತ ಕೆಳಗಿಳಿಯುವುದುಂಟು.

ಇಷ್ಟೆಲ್ಲ ಇದ್ದರೂ ಕೊನೆಗೆ ಬೆಲೆ ನಿಂತಿರೋದು ಒಬ್ಬ ಮನುಷ್ಯನ ಮೈಮೇಲೆ. ಮೈಕ್ ಟ್ರೌಟ್‌ನ 2009ರ ಸೂಪರ್‌ಫ್ರ್ಯಾಕ್ಟರ್ 2020ರಲ್ಲಿ 39 ಲಕ್ಷ ಡಾಲರ್ ದಾಟಿತು. ಮರುವರ್ಷದಿಂದ ಅವನಿಗೆ ಒಂದರ ಮೇಲೊಂದು ಗಾಯ. ಎಷ್ಟೋ ಪಂದ್ಯ ಹೊರಗೇ ಕೂತ. ಪಿಚರ್‌ಗಳ ಮೊಣಕೈಯಂತೂ ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ. ಕಾರ್ಡ್ ಲಾಕರ್‌ನಲ್ಲಿ ಎಷ್ಟೇ ಭದ್ರವಾಗಿರಲಿ, ಆಟಗಾರ ಮೈದಾನದಲ್ಲಿರುತ್ತಾನೆ.

ಇದನ್ನೆಲ್ಲ ನಾನು ಓದೋಕೆ ಶುರು ಮಾಡಿದ್ದು ಅಕ್ಕನ ಮಗನಿಂದಾಗಿ. ಡಲ್ಲಾಸ್‌ನಲ್ಲಿ ಮೊದಲ ಕೆಲಸ, ಆಫೀಸಿನವರ ಜೊತೆ ಸೇರಿ ತಿಂಗಳಿಗೆ ಎರಡು-ಮೂರು ಬಾಕ್ಸ್ ಒಡೀತಾನೆ. “ಚಿಕ್ಕಮ್ಮ, ಇದೂ ಒಂಥರಾ ಇನ್ವೆಸ್ಟ್‌ಮೆಂಟೇ” ಅಂದ. ಊರಲ್ಲಿ ಅಕ್ಕ-ಭಾವ ಅವನ ಓದಿನ ಸಾಲದ ಕಂತು ಇನ್ನೂ ಕಟ್ತಾ ಇದ್ದಾರೆ. ಬೈಯೋದರಿಂದ ಉಪಯೋಗವಿಲ್ಲ ಅಂತ ಗೊತ್ತಿತ್ತು. “ಪ್ಯಾಕೆಟ್ ಹಿಂದೆ ಸಣ್ಣಕ್ಷರದಲ್ಲಿ ಯಾವ ಕಾರ್ಡ್ ಎಷ್ಟು ಪ್ಯಾಕಿಗೊಂದು ಬರುತ್ತೆ ಅಂತ ಹಾಕಿರ್ತಾರೆ, ಓದಿ ಹೇಳಪ್ಪ” ಅಂದೆ. ಓದಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಈ ವರ್ಷ ಖರ್ಚು ಮಾಡಿದ್ದೆಷ್ಟು, ಮಾರಿದರೆ ಬರೋದೆಷ್ಟು, ಅದನ್ನೂ ಬರೆದು ನೋಡು” ಅಂದೆ. ಆ ಲೆಕ್ಕ ಅವನು ನನಗೆ ತೋರಿಸಿಲ್ಲ. ಆದರೆ ಹೋದ ತಿಂಗಳಿಂದ ಒಂದು ಕಂತು ಅವನ ಅಕೌಂಟಿನಿಂದ ಹೋಗ್ತಿದೆ ಅಂತ ಅಕ್ಕ ಹೇಳಿದಳು.

ಹವ್ಯಾಸ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ. ಇಷ್ಟದ ಆಟಗಾರನ ಕಾರ್ಡ್ ಬೇಕಾ, ಬಾಕ್ಸ್ ಬಿಟ್ಟು ಆ ಒಂದು ಕಾರ್ಡನ್ನೇ ಕೊಳ್ಳಿ. ಮಾರೋರು ಹೇಳುವ ರೇಟು ಬಿಟ್ಟು, ಈಚೆಗೆ ನಿಜವಾಗಿ ಮಾರಾಟವಾದ ಬೆಲೆ ನೋಡಿ. ನಾಳೆ ಅದರ ಬೆಲೆ ಸೊನ್ನೆಯಾದರೂ ಮೇಜಿನ ಮೇಲಿಟ್ಟು ನೋಡೋಕೆ ಖುಷಿಯಾಗುತ್ತೆ ಅನ್ನಿಸಿದರೆ ಮಾತ್ರ ದುಡ್ಡು ಕೊಡಿ. ಆ ಹನ್ನೊಂದರ ಹುಡುಗನ ಅದೃಷ್ಟ ಸುದ್ದಿಯಾಯಿತು. ಅದೇ ಸರಣಿಯ ಬಾಕ್ಸ್ ಒಡೆದ ಮಿಕ್ಕವರ ಕಥೆ ಯಾವ ಪೇಪರಲ್ಲೂ ಬರಲಿಲ್ಲ.